ಮೊದಲ ಚಮಚ ನನ್ನದು

ಹಳಿಯಾಳದ ನಿಮ್ಮ ಅಂಗಡಿಯ ಐಸ್‌ಕ್ರೀಮ್ ತಿಂದು ಕಾಲೇಜಿನ ಮೇಡಂ ಒಬ್ಬರ ಹೊಟ್ಟೆ ಕೆಟ್ಟಿತೆಂದು ಸುದ್ದಿ ಹಬ್ಬಿತ್ತಲ್ಲ, ಶಮೀಮ್ — ಆ ಮೇಡಂ ನಾನು. ನನ್ನ ಹೊಟ್ಟೆ ಕೆಟ್ಟಿರಲಿಲ್ಲ.

ಹೇಳಬೇಕಾದದ್ದು ಇಷ್ಟೇ. ಇಷ್ಟನ್ನು ಹೇಳಲು ವರ್ಷಗಳು ಹಿಡಿದವು — ಮೈಕು ಕೈಗೆ ಬಂದರೆ ಬಿಡದ ನನಗೆ. ಎಮ್ಮೆ ಸಾಕುವ ನಮ್ಮ ಗೌಳಿಗಳ ಕೇರಿ, ದೊಡ್ಡಿಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು ಎಂದು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳ ಮುಂದೆ ನಿಂತು ಹೇಳುತ್ತೇನೆ. ಹೇಳಲು ನನಗೆ ಸಂಕೋಚವಿಲ್ಲ, ಇವತ್ತೂ ಇಲ್ಲ. ಆ ಡಿಗ್ರಿ ಯಾರೂ ದಾನ ಕೊಟ್ಟದ್ದಲ್ಲ. ಎಮ್ಮೆ ಕಾಯುತ್ತ ಓದಿದ್ದೇನೆ, ಹಾಸ್ಟೆಲಿನ ನೀರುಸಾರು ಉಂಡು ಓದಿದ್ದೇನೆ, ಕೆಮಿಸ್ಟ್ರಿಯಂಥ ಕೆಮಿಸ್ಟ್ರಿಯನ್ನು ಹಲ್ಲು ಕಚ್ಚಿ ಓದಿದ್ದೇನೆ. ಆದರೆ ಆ ಭಾಷಣದಲ್ಲಿ ನಿನ್ನ ಹೆಸರು ಒಮ್ಮೆಯೂ ಬಂದಿಲ್ಲ. ಬರಬೇಕಿತ್ತು. ಯಾಕೆ ಬರಲಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಈ ಬಹಿರಂಗ ಪತ್ರವನ್ನು ಓದುವ ಉಳಿದವರಿಗೆ ನೀನು ಯಾರೆಂದು ಹೇಳುತ್ತೇನೆ. ಹೈಸ್ಕೂಲಿಗೆಂದು ನಾನು ಹಳಿಯಾಳಕ್ಕೆ ಬಂದಾಗ ನನ್ನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಎಮ್ಮೆಯ ವಾಸನೆ ಎಂದು ದಾವಣಿಯ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ನೀನು ಮುಂದಿನ ಸಾಲಿನಿಂದ ಎದ್ದು ಬಂದು ನಿನ್ನ ಚೀಲವನ್ನು ನನ್ನ ಪಕ್ಕ ಧಡ್ಡೆಂದು ಇಟ್ಟೆ. "ಎಮ್ಮಿ ವಾಸನಿ ಇಲ್ಲದ ಹಾಲು ಅಂದ್ರ ನೀರು, ತಿಳೀತೇನ್ರೇ? ನಮ್ಮ ಅಬ್ಬಾ ದಿನಾ ಮುಂಜಾನೆ ಕ್ಯಾನಿಗೆ ಮೂಗು ಹಚ್ಚಿ ಅದನ್ನ ಹುಡುಕ್ತಾರ," ಎಂದೆ, ಇಡೀ ಕ್ಲಾಸಿಗೆ ಕೇಳುವ ಹಾಗೆ. ನಿನ್ನ ಅಬ್ಬಾ ಮೂಗು ಹಚ್ಚುತ್ತಿದ್ದ ಕ್ಯಾನು ನನ್ನ ಬಾಬಾ ತಂದು ಇಳಿಸುತ್ತಿದ್ದ ಕ್ಯಾನು. ನಿಮ್ಮ ಅಂಗಡಿಗೆ ಹಾಲು ಬರುತ್ತಿದ್ದದ್ದು ನಮ್ಮ ದೊಡ್ಡಿಯಿಂದಲೇ.

ನಿಮ್ಮಲ್ಲಿ ಐಸ್‌ಕ್ರೀಮನ್ನು ಕೈಯಿಂದ ತಿರುಗಿಸಿ ಮಾಡುತ್ತಿದ್ದಿರಿ. ಮರದ ಬಕೆಟ್ಟು, ಒಳಗೆ ಹಾಲಿನ ಡಬ್ಬಿ, ಸುತ್ತ ಐಸು ಮತ್ತು ಹರಳುಪ್ಪು, ಮೇಲೊಂದು ಹಿಡಿಕೆ. ಶನಿವಾರ ಶಾಲೆ ಬಿಟ್ಟ ಮೇಲೆ ನೀನೂ ನಾನೂ ಸರದಿಯ ಮೇಲೆ ತಿರುಗಿಸುತ್ತಿದ್ದೆವು. ಹಾಲು ಗಟ್ಟಿಯಾದಂತೆಲ್ಲ ಹಿಡಿಕೆ ಬಿಗಿಯಾಗುತ್ತಿತ್ತು, ರಟ್ಟೆ ಬಿದ್ದುಹೋಗುತ್ತಿತ್ತು. ಡಬ್ಬಿ ತೆರೆದಾಗ ಒಳಗೆ ಹಾಲು ಕಡೆಯುವ ಮರದ ಹಲಗೆಗೆ ಮೆತ್ತಿಕೊಂಡದ್ದು ತಿರುಗಿಸಿದವರಿಗೆ. ಗಿರಾಕಿ ಎಷ್ಟೇ ದೊಡ್ಡವನಿರಲಿ, ಆಮೇಲೆ. "ತಿರುಗಿಸಿದ ಕೈಗೆ ಮೊದ್ಲ ಹಕ್ಕು, ಬೇಟಿ," ಎಂದು ಅಬ್ಬಾ ಆ ಹಲಗೆಯನ್ನು ನನ್ನ ಕೈಗೇ ಕೊಡುತ್ತಿದ್ದರು. ನನ್ನ ಜೀವನದ ಮೊದಲ ಐಸ್‌ಕ್ರೀಮು ಅದು. ಸೀತಾಫಳ.

ಹೊರಗೆ ಅಂಗಡಿಯ ಮೆಟ್ಟಿಲ ಮೇಲೆ ಇಬ್ಬರು ಗಂಡಸರು ಕೂತಿರುತ್ತಿದ್ದರು. ನಿನ್ನ ಅಬ್ಬಾ ಉರ್ದು ಬೆರೆಸಿ ಮಾತಾಡುವವರು, ನನ್ನ ಬಾಬಾ ಮರಾಠಿ ಬೆರೆಸಿ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತೋ ಇಲ್ಲವೋ. ಮೊಣಕಾಲು ನೋವು, ಹಿಂಡಿಯ ಬೆಲೆ, ಯಾವ ಎಮ್ಮೆ ಕರು ಹಾಕಿತು — ಹಾಲು ಅಳೆದು ಮುಗಿದ ಮೇಲೂ ಬಿಸಿಲು ಮೆಟ್ಟಿಲಿಗೆ ಬರುವ ತನಕ ಏಳುತ್ತಿರಲಿಲ್ಲ.

ನಾನು ಹಾಳು ಮಾಡಿದ್ದು ಆ ಮೆಟ್ಟಿಲನ್ನು.

ದಾಂಡೇಲಿಯಲ್ಲಿ ಉಪನ್ಯಾಸಕಿಯಾಗಿ ಸೇರಿ, ಬಂಗೂರನಗರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದ ಮೇಲೆ ನನಗೆ ಇಬ್ಬರು ಗೆಳತಿಯರಾದರು. ಸುಧಾ ಮೇಡಂ ಹತ್ತಿರ ಕಾರಿತ್ತು. ರೇಖಾ ಮೇಡಂ ಹತ್ತಿರ ದೊಡ್ಡ ಫೋನು, ಅದರ ತುಂಬ ಹೆಂಗಸರ ಗುಂಪುಗಳು. ಭಾನುವಾರ ಬಂತೆಂದರೆ ಸಿಹಿ ಹುಡುಕಿಕೊಂಡು ಹೊರಡುವುದು. ಪ್ರವಾಸಿಗರ ಗಲಾಟೆಯ ನಡುವೆ ದಾಂಡೇಲಿಯಲ್ಲೇ ಸಾಫ್ಟಿ, ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಕೇಕು, ಜೋಯಿಡಾದ ಕಡೆ ಮುರುಗಲು ಹಣ್ಣಿನ ಐಸ್‌ಕ್ಯಾಂಡಿ, ಕ್ಯಾಸಲ್‌ರಾಕ್‌ನಲ್ಲಿ ಸ್ಟೇಷನ್ ಹತ್ತಿರದ ಮನೆಯೊಂದರಲ್ಲಿ ಗಿಣ್ಣ. ತಿಂದು, ಫೋಟೋ ಹಾಕಿ, ಎಲ್ಲಿ ಚೆನ್ನಾಗಿದೆ ಎಲ್ಲಿ ಇಲ್ಲ ಎಂದು ರೇಖಾ ಗುಂಪಿಗೆ ಬರೆಯುತ್ತಿದ್ದರು. ಜನ ಅದನ್ನು ನೋಡಿ ಹೋಗುತ್ತಿದ್ದರು.

ನಮ್ಮಲ್ಲಿ ಒಂದು ಪದ್ಧತಿ ಬಿದ್ದಿತ್ತು. ಹೊಸ ಅಂಗಡಿಯಾದರೆ ಮೊದಲು ಒಂದೇ ಬಟ್ಟಲು ತರಿಸುವುದು, ಮೊದಲ ಚಮಚ ನಾನು ತಿನ್ನುವುದು. ನಾನು ಹ್ಞೂ ಎಂದರೆ ಅವರಿಬ್ಬರಿಗೂ ಬರುತ್ತಿತ್ತು. ನನಗೆ ಎಷ್ಟು ಹೆಮ್ಮೆ! ಹಾಲಿನ ಮನೆಯ ಮಗಳು, ನಾಲಿಗೆಗೆ ಬೆಲೆ ಇದೆ ಅಂದುಕೊಂಡೆ. ಒಮ್ಮೆ ಕುಂಬಾರವಾಡದಲ್ಲಿ ಕಿರಾಣಿ ಅಂಗಡಿಯ ಫ್ರಿಜ್ಜಿನಿಂದ ಕೋನು ತೆಗೆಸಿದಾಗ ಅದು ಮೆತ್ತಗಾಗಿತ್ತು. ಕರೆಂಟು ಯಾವಾಗ ಹೋಗಿ ಯಾವಾಗ ಬಂದಿತ್ತೋ ಅಂಗಡಿಯವನಿಗೇ ಗೊತ್ತಿರಲಿಲ್ಲ. "ನೀವು ಮೊದ್ಲ ನೋಡ್ರಿ ಸಗುಣಾ, ನಿಮಗೇನೂ ಆಗಂಗಿಲ್ಲ," ಎಂದರು ಸುಧಾ. ನಾನು ತಿಂದೆ. ನಗುತ್ತಲೇ ತಿಂದೆ. ಅವರು ತಿನ್ನಲಿಲ್ಲ.

ಆ ಮಾತಿನ ಅರ್ಥ ನನಗೆ ಆಗ ತಿಳಿಯಲಿಲ್ಲ ಎಂದು ಬರೆಯಬಹುದಿತ್ತು. ಬರೆಯುವುದಿಲ್ಲ. ತಿಳಿದಿತ್ತು — ತಿಳಿಯದವಳ ಹಾಗೆ ಇನ್ನೊಂದು ತುತ್ತು ತಿಂದೆ. ಕಾರಿನ ಹಿಂದಿನ ಸೀಟಿನಲ್ಲಿ ನನಗೊಂದು ಜಾಗವಿತ್ತಲ್ಲ, ಅದಕ್ಕೆ.

ಅಂಥದೊಂದು ಭಾನುವಾರ ಮುಂಡಗೋಡದಿಂದ ವಾಪಸು ಬರುವಾಗ ಹಳಿಯಾಳದಲ್ಲಿ ನಿಮ್ಮ ಓಣಿಗೆ ಕಾರು ಹೊರಳಿತು. ಸುಧಾ ವೇಗ ಇಳಿಸಿದರು. "ಇಲ್ಲೇ ಅಲ್ರೀ ಆ ಕೈಲೆ ತಿರುವೂ ಐಸ್‌ಕ್ರೀಮು? ಸೀತಾಫಳ ಭಾಳ ಛಲೋ ಇರ್ತೈತಂತ." ನೀನು ಮೆಟ್ಟಿಲ ಮೇಲೆ ಕೂತು ಸ್ಟೀಲಿನ ಬಟ್ಟಲು ತೊಳೆಯುತ್ತಿದ್ದೆ. ಕಾರು ನಿಧಾನವಾದದ್ದು ನೋಡಿ ಗಿರಾಕಿ ಬಂದರೆಂದು ಕೈ ಒರೆಸಿಕೊಂಡು ಎದ್ದು ನಿಂತೆ. ಕರಿ ಗಾಜಿನ ಹಿಂದೆ ನಾನು ನಿನಗೆ ಕಾಣಿಸಲಿಲ್ಲ.

ರೇಖಾ ಅಂಗಡಿಯ ಬೋರ್ಡು ಓದಿದರು. "ಬ್ಯಾಡ ಬಿಡ್ರಿ. ಅವರದು ಐತಿ ಅಂಗಡಿ… ಗೊತ್ತಲ್ಲ—"

ಗೊತ್ತಲ್ಲ. ಅಷ್ಟೇ ಅಂದದ್ದು. ಉಳಿದದ್ದನ್ನು ಅನ್ನಬೇಕಾಗಿಯೇ ಇರಲಿಲ್ಲ. ಸುಧಾ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. "ನೀವು ಹೇಳ್ರಿ ಸಗುಣಾ. ನಿಮ್ಮೂರ ಕಡೆದು."

ನನ್ನ ಬಾಯಲ್ಲಿ ಒಂದು ವಾಕ್ಯ ತಯಾರಿತ್ತು. ಅದು ನನ್ನ ಗೆಳತಿಯ ಅಂಗಡಿ, ನಾನು ಅಲ್ಲೇ ಬೆಳೆದವಳು, ಇಳೀರಿ ಕೆಳಗೆ. ಅದನ್ನು ಹೇಳಿದ್ದರೆ ರೇಖಾ ಆ ಅರ್ಧ ಮಾತನ್ನು ಪೂರ್ತಿ ಮಾಡಬೇಕಾಗುತ್ತಿತ್ತು, ಇಲ್ಲವೇ ನುಂಗಬೇಕಾಗುತ್ತಿತ್ತು. ಕಾರಿನಲ್ಲಿ ಇರುಸುಮುರುಸಾಗುತ್ತಿತ್ತು. ಮುಂದಿನ ಭಾನುವಾರ ನನ್ನ ಕೋಣೆಯ ಮುಂದೆ ಹಾರ್ನು ಕೇಳಿಸದೆ ಹೋಗಬಹುದಿತ್ತು. ಹಾಗಾಗಿ ನಾನು ಅಂದೆ:

"ಹೌದ್ರೀ, ಅಲ್ಲಿ ಬ್ಯಾಡ. ಹೋದ ಸಲ ತಿಂದು ನನ್ನ ಹೊಟ್ಟಿ ಕೆಟ್ಟಿತ್ತು."

ಅವರ ಹೊಲಸು ಕಾರಣಕ್ಕೆ ನಾನು ಒಂದು ಶುಭ್ರ ಕಾರಣ ಹೊಲಿದು ತೊಡಿಸಿದೆ, ಶಮೀಮ್. ಯಾರೂ ಕೇಳಿರಲಿಲ್ಲ. ಬರೀ "ಬ್ಯಾಡ" ಅಂದಿದ್ದರೂ ಸಾಕಿತ್ತು. ಓದಿದವಳಲ್ಲವೇ, ಕಾರಣ ಕೊಡುವ ಚಟ.

"ಅಯ್ಯ ಶಿವನ!" ಎಂದು ಸುಧಾ ಗೇರು ಬದಲಿಸಿದರು. "ನಿಮ್ಮ ಹೊಟ್ಟಿಗೇ ತಡೀಲಿಲ್ಲ ಅಂದ್ರ ನಮ್ಮ ಗತಿ ಏನ್ರೀ?" ಇಬ್ಬರೂ ನಕ್ಕರು. ನಾನೂ ನಕ್ಕೆ. ಹಿಂದಿನ ಗಾಜಿನಲ್ಲಿ ನೀನು ಮತ್ತೆ ಕೂತು ಬಟ್ಟಲು ಎತ್ತಿಕೊಂಡದ್ದು ಕಾಣಿಸಿತು.

ಅದು ಅಲ್ಲಿಗೇ ಮುಗಿಯಿತು ಅಂದುಕೊಂಡೆ. ಅವತ್ತು ರಾತ್ರಿಯೇ ರೇಖಾ ಗುಂಪಿಗೆ ಬರೆದರು. ಆ ಗುಂಪಿನಿಂದ ಇನ್ನೊಂದಕ್ಕೆ. ಕಾಲೇಜಿನ ಮೇಡಂ ಒಬ್ಬರಿಗೆ ಹೊಟ್ಟೆ ಕೆಟ್ಟಿತು ಎಂಬುದು ಕೆಲವೇ ದಿನಗಳಲ್ಲಿ ಆಸ್ಪತ್ರೆಗೆ ಸೇರಿಸಿದರು ಎಂದಾಯಿತು, ಆಮೇಲೆ ಮಕ್ಕಳಿಗೂ ಆಯಿತು ಎಂದಾಯಿತು. ಕೊನೆಗೆ ಅದು ನನ್ನ ಫೋನಿಗೇ ಬಂತು — ನಮ್ಮ ದೊಡ್ಡಿಯ ಹುಡುಗನೊಬ್ಬ ಕಳಿಸಿದ್ದ, ಸಲೈನ್ ಹಚ್ಚಿದ ಯಾರದೋ ಕೈಯ ಫೋಟೋ ಸಮೇತ, "ಅಕ್ಕಾ, ಹುಷಾರು" ಎಂದು. ನನ್ನ ಸುಳ್ಳು ನನಗೇ ಎಚ್ಚರಿಕೆ ಹೇಳುತ್ತಿತ್ತು. ಯಾವ ಸುದ್ದಿಯಲ್ಲೂ ನಿಮ್ಮ ಜಾತಿ, ಧರ್ಮ ಒಂದಕ್ಷರ ಇರಲಿಲ್ಲ. ಅಂಗಡಿಯ ಹೆಸರು ಇತ್ತು. ಅದೊಂದೇ ಸಾಕಾಯಿತು. ನಂಬಲು ತಯಾರಾಗಿ ಕೂತಿದ್ದ ಊರಿಗೆ ನಾನು ನೆಪ ಒದಗಿಸಿದೆ. ಆ ಊರಿನ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ಊರನ್ನು ಬೈದು ನಾನು ತಪ್ಪಿಸಿಕೊಳ್ಳಲಾರೆ. ನೆಪ ನನ್ನದು.

ಮತ್ತು ಸುಧಾ, ರೇಖಾ ನಂಬಿದ್ದು ಯಾಕೆ ಗೊತ್ತೇ? ಹೇಳಿದ್ದು ನಾನಾದ್ದರಿಂದ. ಗೌಳಿಗಳ ಹುಡುಗಿ, ದೊಡ್ಡಿಯಲ್ಲಿ ಬೆಳೆದವಳು, ಕಲ್ಲು ತಿಂದರೂ ಕರಗುವ ಹೊಟ್ಟೆ — ಅಂಥವಳದೇ ಕೆಟ್ಟರೆ ಆ ಐಸ್‌ಕ್ರೀಮಿನಲ್ಲಿ ಏನೋ ಇರಲೇಬೇಕು. ನನ್ನನ್ನು ಅವರು ಎಷ್ಟು ಕೀಳಾಗಿ ಕಂಡಿದ್ದರೋ ಅಷ್ಟೇ ತೂಕ ನನ್ನ ಸುಳ್ಳಿಗೆ ಬಂತು. ಬೇರೆ ಯಾರು ಹೇಳಿದ್ದರೂ ರೇಖಾ ಅದನ್ನು ಅಷ್ಟು ಧೈರ್ಯವಾಗಿ ಗುಂಪಿಗೆ ಬರೆಯುತ್ತಿರಲಿಲ್ಲ.

ದೀಪಾವಳಿ ಮುಗಿದು ಮದುವೆಗಳು ಶುರುವಾಗುವ ಹೊತ್ತು. ಬಂದಿದ್ದ ಮದುವೆಯ ಆರ್ಡರುಗಳು ಒಂದೊಂದಾಗಿ ಹಿಂದಕ್ಕೆ ಹೋದವು. ಅಬ್ಬಾ ಐಸು ತರುವ ಜಾಗ ಬದಲಿಸಿದರಂತೆ, ಉಪ್ಪು ಬದಲಿಸಿದರಂತೆ, ಡಬ್ಬಿಗಳಿಗೆ ಹೊಸ ಕಲಾಯಿ ಮಾಡಿಸಿದರಂತೆ. ಬದಲಿಸಲು ಏನೂ ಉಳಿಯದೆ ಹೋದಾಗ ಹಾಲಿನ ಕಡೆ ನೋಡಿದರು. "ಭಯ್ಯಾ, ನಾಳಿಂದ ಹಾಲು ಬ್ಯಾಡ," ಎಂದರು ನನ್ನ ಬಾಬಾಗೆ. ಯಾಕೆಂದು ಬಾಬಾ ಕೇಳಲಿಲ್ಲ. ಅಬ್ಬಾ ಹೇಳಲಿಲ್ಲ. ಹೇಳುವವರು ಓಣಿಯಲ್ಲಿ ಬೇಕಾದಷ್ಟು ಮಂದಿ ಇದ್ದರು.

ಮಾರನೆಯ ದಿನ ಬಾಬಾ ದಾಂಡೇಲಿಗೆ ಬಂದರು. ಕಾಲೇಜಿನ ಗೇಟಿನ ಹೊರಗೆ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಾಟಲಿ ತುಂಬ ಹಾಲು. "ನೀ ಇದ ಕಲಿಸ್ತೀಯಲ್ಲ," ಎಂದರು. "ನೋಡು, ಏನೈತಿ ಇದರಾಗ."

ನಾನು ನೋಡಿದೆ, ಶಮೀಮ್. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಉತ್ತರ ಗೊತ್ತಿದ್ದವಳು ಪ್ರಯೋಗ ಮಾಡಿದೆ. ಲ್ಯಾಬಿನಲ್ಲಿ ಬಾಬಾನನ್ನು ಸ್ಟೂಲಿನ ಮೇಲೆ ಕೂರಿಸಿ, ಹಾಲು ಗಾಜಿಗೆ ಸುರಿದು, ಲ್ಯಾಕ್ಟೋಮೀಟರ್ ಇಳಿಬಿಟ್ಟು, ಬಗ್ಗಿ ಓದಿ, ಅಯೋಡಿನ್ ಹನಿಸಿ, ಹಿಟ್ಟು ಬೆರೆತಿದೆಯೇ ಎಂದು ಬಣ್ಣ ನೋಡಿ — ಬಿಳಿ ಕೋಟು ಹಾಕಿಕೊಂಡು ಇಷ್ಟು ನಾಟಕ ಆಡಿದೆ. ಬಾಬಾ ಕೈ ಕಟ್ಟಿ ಕೂತು ನನ್ನನ್ನೇ ನೋಡುತ್ತಿದ್ದರು. ಮಗಳು ತನಗಾಗಿ ವಿದ್ಯೆ ಬಳಸುವುದನ್ನು ಅವರು ನೋಡಿದ್ದು ಅದೇ ಮೊದಲು.

"ಛಲೋ ಐತಿ ಬಾಬಾ. ಏನೂ ಬೆರೆಸಿಲ್ಲ."

"ಅದು ನನಗ ಗೊತ್ತೈತಿ," ಎಂದರು. "ಅದನ್ನ ಅವಂಗ ಹೇಳು."

"ಹೇಳ್ತೇನಿ."

ಹೇಳಲಿಲ್ಲ. ಹಾಲು ಸರಿಯಿದೆ ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು — ಹಾಗಾದರೆ ಕೆಟ್ಟದ್ದು ಯಾವುದು? ಅದೂ ಅಲ್ಲ, ಇದೂ ಅಲ್ಲ ಎಂದು ಒಂದೊಂದೇ ದಾಟಿ ಬಂದರೆ ಕೊನೆಗೆ ಉಳಿಯುವುದು ಒಂದೇ: ಕೆಟ್ಟದ್ದು ಯಾರ ಹೊಟ್ಟೆ? ಆ ಪ್ರಶ್ನೆ ನನ್ನ ಬಾಗಿಲಿಗೆ ಬರದಿರಲಿ ಎಂದು ನನ್ನ ಬಾಬಾನನ್ನು ಕಳ್ಳನ ಜಾಗದಲ್ಲಿ ಬಿಟ್ಟೆ. ಬೇರೆ ಯಾರನ್ನೋ ಅಲ್ಲ. ಬಾಬಾನನ್ನು.

ಆಮೇಲೆ ನೀನು ಬಂದೆ. ಬಂಗೂರನಗರದ ನನ್ನ ಕೋಣೆಗೆ, ಬಿಸಿಲಲ್ಲಿ ನಡೆದು, ಬುರ್ಖಾದ ಅಂಚೆಲ್ಲ ಧೂಳು. ನೀರು ಕುಡಿಯುವ ಮೊದಲೇ ಕೇಳಿದೆ. "ಸಗೂ, ಆ ಮೇಡಂ ಯಾರಂತ ನಿನಗೇನರ ಗೊತ್ತೈತೇನ?"

"ಇಲ್ಲಲೇ."

"ಹೋಗ್ಲಿ ಬಿಡು. ಆಕಿದು ಆಕಿಗೆ." ನೀನು ಲೋಟ ಎತ್ತಿದೆ, ಇಟ್ಟೆ. "ನೀ ಒಂದು ಕೆಲಸ ಮಾಡು. ಸಂತಿ ದಿನ ಬಂದು ಅಂಗಡಿ ಮುಂದ ಕೂತು ಒಂದು ಬಟ್ಲ ತಿನ್ನು. ಮಾತಾಡೂದು ಬ್ಯಾಡ, ಏನೂ ಬ್ಯಾಡ. ಕಾಲೇಜಿನ ಮೇಡಂ ತಿಂದ್ಳು ಅಂತ ಮಂದಿ ನೋಡ್ಲಿ. ಸೀತಾಫಳ ನಾನ ತಿರುಗಿಸಿ ಇಡ್ತೇನಿ. ಹಲಗಿ ನಿನಗ."

ಕೊನೆಯ ಮಾತಿಗೆ ನೀನು ನಕ್ಕೆ.

ಪರೀಕ್ಷಾ ಡ್ಯೂಟಿ ಇದೆ ಎಂದೆ. ಪರೀಕ್ಷೆ ಇರಲಿಲ್ಲ. ನೀನು ನಂಬಿದೆ — ಅದಕ್ಕೂ ನನಗೆ ಸಿಟ್ಟು ಬಂತು, ನಿನ್ನ ಮೇಲೆ! ಇಷ್ಟು ಸುಲಭವಾಗಿ ಯಾಕೆ ನಂಬುತ್ತಾಳೆ ಇವಳು, ಒಂದು ಸಲ ನನ್ನ ಕಣ್ಣು ನೋಡಿ ಕೇಳಬಾರದೇ ಎಂದು. ತಪ್ಪು ಮಾಡಿದವರಿಗೆ ಬರುವ ಸಿಟ್ಟು ಎಷ್ಟು ಹೇಸಿಗೆಯದು ಎಂದು ನನಗೆ ಆಗ ಗೊತ್ತಾಯಿತು.

ಮಳೆಗಾಲಕ್ಕೆ ಮೊದಲು ಅಂಗಡಿ ಮುಚ್ಚಿತು. ಈಗ ಅಲ್ಲಿ ಮೊಬೈಲ್ ಕವರು ತೂಗುಹಾಕಿರುತ್ತಾರೆ. ಅಬ್ಬಾ ಅಂಗಡಿಯ ಹಿಂದಿನ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರಂತೆ. ನನ್ನ ಬಾಬಾ ಇನ್ನೂ ಹಾಲು ಹಾಕುತ್ತಾರೆ, ಡೇರಿಗೆ. ಡೇರಿಗೆ ಹೋಗಲು ನಿಮ್ಮ ಓಣಿಯೇ ಹತ್ತಿರ. ಅವರು ಕೆರೆಯ ಕಡೆಯಿಂದ ಸುತ್ತು ಹಾಕಿ ಹೋಗುತ್ತಾರೆ. ಬೆರಕೆ ಮಾಡಿದವ ಮುಖ ತಪ್ಪಿಸಿ ತಿರುಗುತ್ತಾನೆ ಎಂದು ಮಂದಿ ಅಂದದ್ದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ. ಕೇಳಿ ಬಸ್ಸು ಹತ್ತಿದ್ದೇನೆ.

ಈಗ ಯಾಕೆ ಹೇಳುತ್ತಿದ್ದೇನೆ ಎಂದು ನೀನು ಕೇಳಬಹುದು. ಒಳ್ಳೆಯವಳಾದೆ ಎಂದಲ್ಲ. ಈ ವರ್ಷ ನಮ್ಮ ಕಾಲೇಜಿಗೆ ಒಬ್ಬ ಹುಡುಗಿ ಉಪನ್ಯಾಸಕಿಯಾಗಿ ಸೇರಿದಳು, ಜೋಯಿಡಾದ ಕಾಡಿನೊಳಗಿನ ಊರಿನವಳು, ಅವಳ ಮನೆಯಲ್ಲೂ ಡಿಗ್ರಿ ಮಾಡಿದವಳು ಅವಳೇ ಮೊದಲು. ಭಾನುವಾರ ಕಾರಿನಲ್ಲಿ ಅವಳನ್ನೂ ಕೂರಿಸಿಕೊಂಡರು. ಜೋಯಿಡಾ ರಸ್ತೆಯ ಒಂದು ಹೊಸ ಅಂಗಡಿಯಲ್ಲಿ ಒಂದೇ ಬಟ್ಟಲು ಬಂತು. ನಾನು ಕೈ ಚಾಚಿದೆ. ಸುಧಾ ತಡೆದರು. "ಈ ಸಲ ಆಕಿ ತಿನ್ಲಿ ಬಿಡ್ರಿ. ಕಾಡಿನಾಗ ಬೆಳದಾಕಿ, ಆಕಿ ಹೊಟ್ಟಿ ನಿಮ್ಮದಕಿಂತ ಗಟ್ಟಿ ಇರ್ತೈತಿ."

ಆ ಹುಡುಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಚಮಚ ಎತ್ತಿದಳು. ಹೆಮ್ಮೆಯಿಂದ.

ನಾನು ಅವಳ ಕೈಯಿಂದ ಚಮಚ ಕಿತ್ತುಕೊಂಡೆ. ಮೇಜಿನ ಮೇಲೆ ಬಡಿದೆ. "ಹಳಿಯಾಳದಾಗ ನನ್ನ ಹೊಟ್ಟಿ ಕೆಟ್ಟಿರಲಿಲ್ಲ. ಸುಳ್ಳು ಹೇಳಿದ್ದೆ ನಾನು. ನಿಮಗ ಅವರ ಅಂಗಡಿ ಬ್ಯಾಡಾಗಿತ್ತು, ಅದನ್ನ ಬಾಯಿ ಬಿಟ್ಟು ಹೇಳೂ ಧೈರ್ಯ ನಿಮಗಿರಲಿಲ್ಲ, ನಾ ಹೇಳಿಕೊಟ್ಟೆ," ಎಂದೆ. ಅಂಗಡಿಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಕಿರುಚಾಡುತ್ತಾರೆ, ಜಗಳಕ್ಕೆ ಬರುತ್ತಾರೆ ಅಂದುಕೊಂಡಿದ್ದೆ. ರೇಖಾ ಹುಬ್ಬು ಗಂಟಿಕ್ಕಿ ಸುಧಾರ ಮುಖ ನೋಡಿದರು. "ಯಾವ ಅಂಗಡಿ ಅಂತೀರಿ?"

ಅವರಿಗೆ ನೆನಪಿರಲಿಲ್ಲ, ಶಮೀಮ್. ನಿಜವಾಗಿಯೂ ನೆನಪಿರಲಿಲ್ಲ. ಸುಧಾ ಸ್ವಲ್ಪ ಹೊತ್ತು ಯೋಚಿಸಿ, "ಓ, ಅದಾ? ಅದು ಯಾವಾಗೋ ಮುಚ್ಚೇತಿ ಅಲ್ರೀ. ಅದನ್ನ ಹಿಡಕೊಂಡು ಇಷ್ಟ್ಯಾಕ ಸಿಟ್ಟು?" ಎಂದರು. ಒಂದು ಮನೆಯ ಒಲೆ ಆರಿಸಿದ ಮಾತು ಅವರಿಗೆ ಒಂದು ಭಾನುವಾರದ ತಿರುಗಾಟ. ನಾನು ಎದ್ದು ಹೊರಗೆ ಬಂದು ಬಸ್ಸಿಗೆ ನಿಂತೆ. ಆ ಹುಡುಗಿ ನನ್ನ ಹಿಂದೆ ಬರಲಿಲ್ಲ. ಅವಳಿಗೂ ಹಿಂದಿನ ಸೀಟು ಹೊಸದು.

ಬಸ್ಸಿನಿಂದ ಇಳಿದವಳು ನೇರವಾಗಿ ದೊಡ್ಡಿಗೆ ಹೋದೆ. ಬಾಬಾ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ಪೂರ್ತಿ ಹೇಳಿದೆ — ಕಾರು, ಸುಳ್ಳು, ಲ್ಯಾಬು. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಹುಲ್ಲಿನ ಕಟ್ಟು ಬಿಚ್ಚುತ್ತಲೇ ಕೇಳಿದರು. "ಅವತ್ತು ಹಾಲು ನೋಡಿದಾಗ ನಿನಗ ಗೊತ್ತಿತ್ತೇನ?"

"ಗೊತ್ತಿತ್ತು ಬಾಬಾ."

ಬಿಚ್ಚಿದ ಹುಲ್ಲನ್ನು ಎಮ್ಮೆಯ ಮುಂದೆ ಹರಡಿದರು. ಆಮೇಲೆ, "ನಾನೂ ಅವನ ಮ್ಯಾಲ ಸಿಟ್ಟು ಹಿಡಕೊಂಡು ಕೂತೆ," ಎಂದರು. "ಇಷ್ಟು ದಿನದ ಮನಷ್ಯಾ, ನನ್ನ ಹಾಲಿನ ಮ್ಯಾಲ ಸಂಶೇ ಪಟ್ಟ ಅಂತ. ಅವನೂ ಹಂಗ ಕೂತಾನ." ಅಬ್ಬಾನ ಹತ್ತಿರ ನನ್ನ ಜೊತೆ ಬರುತ್ತೀರಾ ಎಂದು ಕೇಳಿದೆ. "ನೀ ಹೋಗಿ ಹೇಳಿ ಬಾ. ಮೊದ್ಲ ನೀನು. ನಿನ್ನ ಹಿಂದ ನಿಂತು ನಾ ಕೇಳಂಗಿಲ್ಲ," ಎಂದು ಎಮ್ಮೆಯ ಕಡೆ ತಿರುಗಿದರು. ಅವರ ಮುಖ ನನಗೆ ಕಾಣಿಸಲಿಲ್ಲ.

ಮುಂದಿನ ಸಂತೆಯ ದಿನ ಬರುತ್ತೇನೆ, ಶಮೀಮ್. ನೀನು ಅವತ್ತು ಕರೆದಿದ್ದ ದಿನಕ್ಕೇ. ಓಣಿ ತುಂಬ ಮಂದಿ ಇರುವಾಗ, ಆ ಮೆಟ್ಟಿಲ ಹತ್ತಿರ ನಿಂತು, ಮೊದಲು ಅಬ್ಬಾಗೆ, ಆಮೇಲೆ ನಿನಗೆ, ಎಲ್ಲರಿಗೂ ಕೇಳುವ ಹಾಗೆ — ಕ್ಲಾಸಿನಲ್ಲಿ ನೀನು ನನಗಾಗಿ ಹೇಳಿದ್ದೆಯಲ್ಲ, ಅಷ್ಟೇ ಗಟ್ಟಿಯಾಗಿ. ಅಂಗಡಿ ವಾಪಸು ಬರುವುದಿಲ್ಲ ಎಂದು ಗೊತ್ತು. ಕ್ಷಮಿಸು ಎಂದು ಕೇಳುವುದಿಲ್ಲ. ಅದನ್ನು ಕೊಡುವ ಭಾರವನ್ನೂ ನಿನ್ನ ತಲೆಗೆ ಕಟ್ಟಲಾರೆ. ಕೇಳುವುದು ಒಂದೇ. ನನ್ನ ಬಾಬಾನ ಹಾಲಿನಲ್ಲಿ ಏನೂ ಇರಲಿಲ್ಲ ಎಂದು ಅಬ್ಬಾ ನಂಬಬೇಕು. ಇಬ್ಬರಿಗೂ ವಯಸ್ಸಾಗಿದೆ.

ನನಗೆ ಕುರ್ಚಿ ಕೊಡಬೇಡ. ನೀರು ಕೊಡಬೇಡ. ಸೆರಗು ಹಿಡಿದು ಓಣಿಯ ನಡುವೆ ಎಳೆದು ಬೈಯಿ, ಬಾಯಿಗೆ ಬಂದದ್ದೆಲ್ಲ ಬೈಯಿ. ನಾನು ತಿರುಗಿ ಮಾತಾಡುವುದಿಲ್ಲ. ನನ್ನ ಹೊಟ್ಟೆ ಗಟ್ಟಿಯಿದೆ, ಶಮೀಮ್. ಅದೊಂದು ಮಾತ್ರ ಸುಳ್ಳಾಗಿರಲಿಲ್ಲ.